ಹಲಗೆಯ ಕೆಳಗಿನ ಸ್ಪೀಕರ್

೫ ಆಗಸ್ಟ್ ೨೦೦೭, ಭಾನುವಾರ

ಮತ್ತೆ ಬ್ಯಾಡಗಿ. ಮತ್ತೆ ಸೀನು. ಗೋದಾಮಿನಿಂದ ಮೆಣಸಿನಕಾಯಿ ಚೀಲ ಎತ್ತಿಸಿ ಎರಡು ವರ್ಷವಾದರೂ ಗೋಡೆಯೊಳಗಿನ ಘಾಟು ಹೋಗಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡಿದೆ. ಹಾಲಸಿದ್ದಪ್ಪನಿಗೆ ಏನೂ ಆಗುವುದಿಲ್ಲ. ಮೂವತ್ತು ವರ್ಷ ಖಾರದ ಪುಡಿ ಗಿರಣಿ ನಡೆಸಿದ ಮನುಷ್ಯ, ಮೂಗು ಎಂದೋ ಸತ್ತಿರಬೇಕು.

ಗೋದಾಮಿನ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಬ್ಯಾಡಗಿ ಸ್ಟೇಷನ್ನು. ಪ್ಲಾಟ್‌ಫಾರ್ಮು, ಬೇವಿನ ಮರ, ನೀರಿನ ಟಾಕಿ, ಹೆಬ್ಬೆರಳಿನಷ್ಟು ಸ್ಟೇಷನ್ ಮಾಸ್ತರ. ಹಳಿ ಅವನದು, ಎಂಜಿನ್ ನನ್ನದು. ಮೊದಲ ದಿನವೇ ಆದ ಮಾತು. ಹಾವೇರಿ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ರಿಟೈರ್ ಆದವನು ನಾನು. ಬಾಯಿಮಾತಿನ ಕರಾರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ನನ್ನದೇ ಬುದ್ಧಿಗೇಡಿತನ.

ಎಂಜಿನ್ ಮುಗಿದಿದೆ. ಒಂದು ಗೇಣುದ್ದ. ಹುಬ್ಬಳ್ಳಿಯಿಂದ ಬರುವ ಡೀಸೆಲ್ ಎಂಜಿನ್ನಿನದೇ ಪಡಿಯಚ್ಚು. ಕಿಟಕಿಯ ಕಂಬಿಯೂ ಬಿಟ್ಟಿಲ್ಲ. ಚೆನ್ನಾಗಿ ಓಡುತ್ತದೆ. ಆದರೆ ಮೂಕ. ಹೊರಗೆ ಖರೇ ರೈಲು ಹೋದಾಗಲೆಲ್ಲ ನನ್ನದು ನಾಚಿಕೊಂಡು ನಿಂತ ಹಾಗೆ ಕಾಣುತ್ತದೆ.

ಇದಕ್ಕೆ ದನಿ ಕೂಡಿಸೋಣ, ಎಂಜಿನ್ನಿನ ಒಳಗೇ ಸ್ಪೀಕರ್ ಇಡುತ್ತೇನೆ ಎಂದೆ.

"ಒಳಗ ಯಾಕ್ರಿ ಶಿರಸ್ತೇದಾರ್ರ? ಹಲಗಿ ಕೆಳಗ ದೊಡ್ಡ ಸ್ಪೀಕರ್ ಹಚ್ಚೂಣು. ಗುಡುಗಿದಂಗ ಬರ್ಬೇಕು."

"ಎಂಜಿನ್ ಆ ತುದೀಗೆ ಹೋಗಿರ್ತದ, ಶಬ್ದ ನಿಮ್ಮ ಕಾಲ ಬುಡಕ ಕೂತಿರ್ತದ. ಇದೇನು ಭೂತದ ಆಟಾನ್ರೀ?"

ಅಷ್ಟರಲ್ಲಿ ಅವನು ಬಗ್ಗಿ ಹಳಿಯ ಧೂಳು ಊದಲು ಶುರು ಮಾಡಿದ್ದ. ಇದು ಅವನ ಹಳೆಯ ಚಾಳಿ. ಎದುರು ನಿಂತು ಮುಖ ನೋಡಿ ಮಾತಾಡಿದರೆ ಮಾತ್ರ ಉತ್ತರ. ಹಿಂದಿನಿಂದ ಹೇಳಿದ್ದೆಲ್ಲ ಹಮಾಲರ ಮಾತು. ಸಾಹುಕಾರಿಕೆ ತಲೆಗೇರಿದೆ.

೧೨ ಆಗಸ್ಟ್, ಸಂಜೆ

ರಾಣೆಬೆನ್ನೂರಿಗೆ ಹೋಗಿ ಬಂದೆ. ಮೆಹಬೂಬನ ಮೊಬೈಲ್ ರಿಪೇರಿ ಅಂಗಡಿ. ಕೆಟ್ಟ ಮೊಬೈಲುಗಳ ರಾಶಿಯಿಂದ ಅಂಗಿಯ ಗುಂಡಿಯಷ್ಟು ಸ್ಪೀಕರುಗಳನ್ನು ಕಿತ್ತುಕೊಟ್ಟ.

"ಮಮ್ಮಗಗ ಆಟಕಿ ಮಾಡಾಕತ್ತೀರೇನ್ರಿ ಸರ್?"

ಆಟಿಕೆ ಅಲ್ಲ, ಮಾಡೆಲ್ ಎಂದೆ. ವ್ಯತ್ಯಾಸ ಅವನಿಗೆ ತಿಳಿಯಲಿಲ್ಲ. ಎದ್ದು ಬಂದೆ. ಬೆಂಗಳೂರಿಂದ ತರಿಸಿದ ಶಬ್ದದ ಚಿಪ್ ಮೊನ್ನೆಯೇ ಬಂದಿದೆ. ಒಂದಿಷ್ಟು ಸೆಕೆಂಡಿನ ಶಬ್ದ ಹಿಡಿದುಕೊಂಡು ಮತ್ತೆ ಮತ್ತೆ ನುಡಿಯುತ್ತದೆ. ಶಬ್ದವೂ ಸಿಕ್ಕಿದೆ. ಹಾವೇರಿ ಸ್ಟೇಷನ್ನಿನಲ್ಲಿ ಗೂಡ್ಸ್ ನಿಂತಿದ್ದಾಗ ರೆಕಾರ್ಡರ್ ಹಿಡಿದು ಎಂಜಿನ್ನಿನ ಪಕ್ಕ ನಿಂತಿದ್ದೆ. ಡ್ರೈವರ್ ನನ್ನನ್ನು ಹುಚ್ಚನೆಂದುಕೊಂಡಿರಬೇಕು. ಹಾರ್ನ್ ಮಾತ್ರ ಚೆನ್ನಾಗಿ ಹೊಡೆದ.

ಹಾಲಸಿದ್ದಪ್ಪನಿಗೆ ಹೇಳೋಣವೆಂದು ಫೋನ್ ಮಾಡಿದೆ. ಎಂದಿನಂತೆ ಅವನ ಹೆಂಡತಿ ಶಾರದವ್ವ ಎತ್ತಿದಳು. "ಅವ್ರು ಹೊರಗ ಹೋಗ್ಯಾರ್ರಿ ರಾಯರ. ಏನೈತಿ ನನಗ ಹೇಳ್ರಿ." ಹೊರಗೆ ಹೋದವನ ಕೆಮ್ಮು ಪಕ್ಕದಲ್ಲೇ ಕೇಳಿಸುತ್ತಿತ್ತು! ಏನೂ ಇಲ್ಲ ಎಂದು ಇಟ್ಟೆ. ಫೋನಿಗೆ ಬರುವಷ್ಟು ಯೋಗ್ಯತೆಯೂ ನನಗಿಲ್ಲ, ಆಯಿತು.

೧೯ ಆಗಸ್ಟ್

ಸ್ಪೀಕರ್ ಬಾಡಿಯೊಳಗೆ ಕೂರಿಸಿದೆ. ಮನೆಯಲ್ಲಿ ಪರೀಕ್ಷೆಗೆಂದು ಹಾಕಿಕೊಂಡ ಸಣ್ಣ ಹಳಿಯ ಸುತ್ತಿನ ಮೇಲೆ ಓಡಿಸಿದೆ. ಗುಂಯ್ ಎಂದಿತು.

ನನ್ನಾಕೆ ಗೋದೂಬಾಯಿ ಅಡುಗೆಮನೆಯಿಂದಲೇ, "ಒಳಗ ಸೊಳ್ಳಿ ಹೊಕ್ಕಾವೇನು?"

ಸಿಟ್ಟು ಬಂತು, ಆದರೆ ಹೇಳಿದ್ದು ಸರಿ. ಸ್ಪೀಕರಿನ ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಕೂಡಿ ಒಂದನ್ನೊಂದು ತಿಂದುಹಾಕುತ್ತಿವೆ. ಬೆನ್ನಿಗೊಂದು ಮುಚ್ಚಿದ ಡಬ್ಬಿ ಬೇಕು. ಗಾಳಿ ಆಡಬಾರದು, ಸೂಜಿಮೊನೆಯಷ್ಟೂ ಸಂದಿ ಇರಬಾರದು. ಬಾಡಿಯಲ್ಲಿ ಮೋಟಾರಿದೆ, ಚಿಪ್ಪಿದೆ, ತೂಕಕ್ಕಿಟ್ಟ ಸೀಸವಿದೆ. ಡಬ್ಬಿ ಎಲ್ಲಿಡಲಿ?

ಊಟಕ್ಕೆ ಕೂತಾಗ ಹೊಳೆಯಿತು — ಡೀಸೆಲ್ ಟ್ಯಾಂಕ್! ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದಿಷ್ಟು ಸೀಸ ತುಂಬಿಕೊಂಡು ಸುಮ್ಮನೆ ತೂಗಾಡುವ ಡಬ್ಬಿ. ಖರೇ ಎಂಜಿನ್ನಿನಲ್ಲಿ ಎಣ್ಣೆ ಇರುವ ಕಡೆ ನನ್ನದರಲ್ಲಿ ದನಿ ಇರಲಿ.

೨ ಸೆಪ್ಟೆಂಬರ್, ಭಾನುವಾರ

ನಿನ್ನೆ ಸಾಧಿಸಿದೆ. ಟ್ಯಾಂಕಿನ ತಳಕ್ಕೆ ಸಣ್ಣ ತೂತುಗಳು, ಸ್ಪೀಕರಿನ ಮುಖ ಹಳಿಯ ಕಡೆಗೆ, ಬೆನ್ನಿಗೆ ಎಂ-ಸೀಲ್ ಮೆತ್ತಿ ಗಾಳಿ ಬಂದ್. ಓಡಿಸಿದರೆ ಮೈ ಜುಮ್ಮೆಂದಿತು. ಎಂಜಿನ್ ಎಲ್ಲಿ ಹೋದರೆ ಶಬ್ದ ಅಲ್ಲಿ. ತಿರುವಿನಲ್ಲಿ ದೂರವಾಗುತ್ತದೆ, ಮತ್ತೆ ಹತ್ತಿರ ಬರುತ್ತದೆ. ಗೋದೂಬಾಯಿ ಕೂಡ ಸೌಟು ಹಿಡಿದುಕೊಂಡೇ ಬಂದು ನಿಂತಳು. "ಖರೇ ಗಾಡಿ ಬಂದಂಗs ಆತಲ್ರೀ!"

ಇವತ್ತು ಬ್ಯಾಡಗಿಗೆ ಒಯ್ದೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ. ಮೋಟೆಬೆನ್ನೂರಿನಲ್ಲಿ ಹತ್ತಿದವನೊಬ್ಬ ಮೊಣಕೈ ತಾಗಿಸಿದ, ಅವನೊಂದಿಗೂ ಜಗಳವಾಯಿತು.

ಹಳಿಯ ಮೇಲಿಟ್ಟು ಓಡಿಸಿದೆ. ಹಾಲಸಿದ್ದಪ್ಪ ಎರಡೂ ಅಂಗೈ ಹಲಗೆಯ ಮೇಲೂರಿ ನೋಡಿದ. ನಾನು ಅವನ ಮುಖ ನೋಡಿದೆ. ಒಂದು ಗೆರೆ ಅಲುಗಲಿಲ್ಲ.

"ಏರಿನ್ಯಾಗ ಗಾಲಿ ಜಾರಾಕತ್ತಾವ್ ನೋಡ್ರಿ. ಎಂಜಿನ್ ಹಗುರಾಗೇತಿ."

ಟ್ಯಾಂಕಿನ ಸೀಸ ತೆಗೆದಿದ್ದೆ, ಹಗುರಾಗಿದೆ, ನಿಜ. ಆದರೆ ಶಬ್ದ? ಒಂದು ಮಾತಿಲ್ಲ! ಬೇಕೆಂದೇ ನಾನು ಮೂರು ಸಲ ಓಡಿಸಿದೆ. ಬೇಕೆಂದೇ ಅವನು ಗಾಲಿ ನೋಡಿದ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ?

ಆಮೇಲೆ ತನ್ನದು ತೋರಿಸಿದ. ಹಲಗೆಯ ಕೆಳಗೆ ಊಟದ ತಟ್ಟೆಯಷ್ಟು ದೊಡ್ಡ ಸ್ಪೀಕರ್ ಹಚ್ಚಿಬಿಟ್ಟಿದ್ದಾನೆ, ನನ್ನನ್ನು ಕೇಳದೆ. ಸಿ.ಡಿ.ಯಿಂದ ಯಾವುದೋ ಎಂಜಿನ್ನಿನ ಗದ್ದಲ. ಗುಂಡಿ ಒತ್ತಿದ್ದೇ ತಡ, ಇಡೀ ಬ್ಯಾಡಗಿ ನಡುಗಿತು. ಸ್ಟೇಷನ್ ಮಾಸ್ತರ ಅಂಗಾತ ಬಿದ್ದ. ನನ್ನ ಎಂಜಿನ್ನಿನ ದನಿ ಅದರಡಿ ಎಲ್ಲಿ ಹೋಯಿತೋ. ಅವನು ಮಾತ್ರ ಅಂಗೈ ಊರಿಕೊಂಡು ಕಣ್ಣು ಮುಚ್ಚಿ ನಗುತ್ತಿದ್ದ. ಜಾತ್ರೆಯ ಮೈಕಿನವನಿಗೂ ಇದಕ್ಕಿಂತ ಚೆನ್ನಾದ ರುಚಿ ಇರುತ್ತದೆ.

ಜೋರು ಜೋರಾಗಿ ಮಾತಾಯಿತು. ಕೊನೆಗೆ ಅವನು ಹೆಗಲ ಮೇಲಿನ ಟವೆಲ್ ತೆಗೆದ.

"ಬರ್ರಿ, ಟವೆಲ್ ಕೆಳಗ ಕೈ ಕೊಡ್ರಿ. ಬಗಿಹರಿಸೂಣು."

ಏನಿದು ಎಂದರೆ ಹಾವೇರಿ ದನದ ಪೇಟೆಯ ರಿವಾಜು ಹೇಳಿದ. ಅವನ ಅಪ್ಪ ಎತ್ತಿನ ವ್ಯಾಪಾರ ಮಾಡುತ್ತಿದ್ದನಂತೆ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತಿ ದರ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. "ಸೌದಾ ಮುರದ್ರ ಕೈ ಕಿತ್ಗೋತಾರ್ರಿ. ಕೂಡಿದ್ರ ಬಿಡಂಗಿಲ್ಲ. ಬಾಯಿಲೆ ಏನರ ಬೈಕೊಳ್ಳಲಿ, ಕೈ ಬಿಡಂಗಿಲ್ಲ."

"ನಾನೇನು ಎತ್ತಲ್ಲ" ಎಂದು ಎಂಜಿನ್ ಎತ್ತಿಕೊಂಡು ಬಂದೆ.

೭ ಅಕ್ಟೋಬರ್

ತಿಂಗಳಾಯಿತು ಹೋಗದೆ. ಅವನೇ ಇವತ್ತು ಹಾವೇರಿಗೆ ಬಂದ. ದಸರೆ ಮುಗಿದ ಮೇಲೆ, ೨೮ಕ್ಕೆ, ಊರವರಿಗೆಲ್ಲ ರೈಲು ತೋರಿಸೋಣ ಎಂದ. ಸ್ಟೇಷನ್ ಮಾಸ್ತರರನ್ನು — ಖರೇ ಮಾಸ್ತರರನ್ನು — ಕರೆದಾಗಿದೆಯಂತೆ. ಪೇಟೆಯ ಹಿರಿಯ ದಲಾಲ ಪ್ರಭುಲಿಂಗಪ್ಪನವರೂ ಬರುತ್ತಾರಂತೆ.

ಬಾಗಿಲವರೆಗೆ ಕಳಿಸಲು ಹೋದೆ. ಅವನು ಚಪ್ಪಲಿ ಮೆಟ್ಟುತ್ತಿರುವಾಗ ಸ್ಪಷ್ಟವಾಗಿ ಹೇಳಿದೆ, ಅವತ್ತು ನನ್ನ ಎಂಜಿನ್ನಿನ ಶಬ್ದ ಮಾತ್ರ, ನಿಮ್ಮ ಕೆಳಗಿನ ಸ್ಪೀಕರ್ ಬಂದ್ ಇರಬೇಕು.

"ಹೂಂ ಹೂಂ" ಎಂದು ತಲೆಯಾಡಿಸಿ ಹೋದ.

ಸರಿ. ಕೊನೆಗೂ ದಾರಿಗೆ ಬಂದ. ಡ್ರೈವರ್ ಕೂರುವ ಕಡೆ ಸೀಸದ ಚೂರು ಅಂಟಿಸಿದೆ. ಮನೆಯ ಹಳಿಯನ್ನೇ ಓರೆ ಮಾಡಿ ಓಡಿಸಿ ನೋಡಿದೆ, ಏರಿನಲ್ಲಿ ಗಾಲಿ ಜಾರುವುದು ನಿಂತಿದೆ. ಅವನು ಹೇಳಿದ್ದಕ್ಕಲ್ಲ, ನನಗೇ ಮೊದಲು ಗೊತ್ತಿತ್ತು.

೨೭ ಅಕ್ಟೋಬರ್, ಶನಿವಾರ

ಮೋಸ!

ತಯಾರಿಗೆಂದು ಹೋದರೆ ಹಲಗೆಯ ಕೆಳಗೆ ಹೊಸ ವಾಯರ್. ನೀಟಾಗಿ ಕ್ಲಿಪ್ ಹೊಡೆದು ಆ ತುದಿಯಿಂದ ಈ ತುದಿಯವರೆಗೆ. ಸ್ಪೀಕರಿಗೆ ಹೊಸ ಮರದ ಡಬ್ಬಿ ಬೇರೆ! ಹೂಂ ಎಂದವನು ಇವನೇ ಅಲ್ಲವೇ?

ಅವನು ನನಗೆ ಬೆನ್ನು ಮಾಡಿ ಹಳಿ ಒರೆಸುತ್ತಿದ್ದ. "ಹಾಲಸಿದ್ದಪ್ಪನವರ, ಕೊಟ್ಟ ಮಾತಿಗೆ ಬೆಲೆ ಇಲ್ಲೇನ್ರಿ?" ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಒರೆಸುತ್ತಲೇ ಇದ್ದ. ಕೋರ್ಟಿನಲ್ಲಿ ಜಡ್ಜ್ ಸಾಹೇಬರೂ ನನ್ನನ್ನು ಹೀಗೆ ಕಡೆಗಣಿಸಿದ್ದಿಲ್ಲ. ಅವಮಾನಕ್ಕೆ ಕಿವಿ ಬಿಸಿಯಾಯಿತು.

ಅವನು ಚಹಾಕ್ಕೆಂದು ಮನೆಯೊಳಗೆ ಹೋದ. ಕಟರ್ ನನ್ನ ಜೇಬಿನಲ್ಲೇ ಇತ್ತು. ಹಲಗೆಯ ಕೆಳಗೆ ತೂರಿದೆ. ಈ ವಯಸ್ಸಿನಲ್ಲಿ ಮೊಣಕಾಲು ಊರಿ! ಹಿಂದಿನ ಮೂಲೆ, ಯಾರಿಗೂ ಕಾಣದ ಜಾಗ. ಕಟ್. ಎರಡೂ ತುದಿ ಕ್ಲಿಪ್ಪಿನಡಿ ಸಿಕ್ಕಿಸಿದೆ.

ಖುಷಿಯಾಯಿತು. ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು — ಖುಷಿಯೇ ಆಯಿತು. ಹೊರಗೆ ಬಂದು ಅವನ ಚಹಾ ಕುಡಿದೆ. ಶಾರದವ್ವ ಚಹಾಕ್ಕೆ ಶುಂಠಿ ಹಾಕಿದ್ದಳು.

೨೮ ಅಕ್ಟೋಬರ್, ಭಾನುವಾರ, ಸಂಜೆ

ಗೆದ್ದೆ.

ಗೋದಾಮಿನ ತುಂಬ ಜನ. ಸೀನುತ್ತಲೇ ನೋಡಿದರು. ಹಾಲಸಿದ್ದಪ್ಪ ಹೊಸ ಧೋತರ ಉಟ್ಟು ಹಲಗೆಯ ನಡುವೆ ನಿಂತಿದ್ದ. ಅಂಗೈ ಎರಡೂ ಹಲಗೆಯ ಮೇಲೆ. ತನ್ನ ಗುಂಡಿ ಒತ್ತಿದ. ನಾನು ಎಂಜಿನ್ ಬಿಟ್ಟೆ.

ಏನು ಬಂತು ದನಿ! ಮೊದಲು ಗುಡುಗುಡು, ಆಮೇಲೆ ಹಾರ್ನ್. ಜನ ಮಾತು ನಿಲ್ಲಿಸಿದರು. ಎಂಜಿನ್ ಹೋದತ್ತ ತಲೆ ತಿರುಗಿಸಿದರು, ಬಗ್ಗಿ ಕಿವಿ ಹಲಗೆಯ ಮಟ್ಟಕ್ಕೆ ತಂದರು. ಸ್ಟೇಷನ್ ಮಾಸ್ತರರು "ಅರೆ, ಇದು ನಮ್ಮ ಗಾಡೀನ ಐತಲ್ರೀ!" ಎಂದರು. ಚಪ್ಪಾಳೆ. ಪ್ರಭುಲಿಂಗಪ್ಪನವರು ನನ್ನ ಕೈ ಕುಲುಕಿದರು.

ಅಷ್ಟರಲ್ಲಿ ಆ ಮನುಷ್ಯ, ಹಾಲಸಿದ್ದಪ್ಪ. ಎಲ್ಲರೆದುರು. ಮನೆಯಲ್ಲಿ ಹೆಂಡತಿಯನ್ನು ಕರೆಯುವಷ್ಟು ದೊಡ್ಡ ದನಿಯಲ್ಲಿ.

"ಯಾಕ್ರಿ ಶಿರಸ್ತೇದಾರ್ರ, ಶಬ್ದ ಬರವಲ್ದು?"

ಚಪ್ಪಾಳೆ ನಿಂತಿತು. ಎಂಜಿನ್ ಅವನ ಎದುರೇ, ಅವನ ಬೆರಳಿನ ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಹೋಗುತ್ತಿತ್ತು. ನನ್ನ ಗೆಲುವನ್ನು ಮಣ್ಣುಪಾಲು ಮಾಡಲೆಂದೇ ಆಡಿದ ಮಾತು. ನನ್ನ ತಲೆ ಕೆಟ್ಟಿತು.

"ಇಷ್ಟು ಮಂದೀಗೆ ಕೇಳಸ್ತದ. ನಿಮಗೊಬ್ಬರಿಗೇ ಕೇಳಂಗಿಲ್ಲೇನ್ರಿ? ಕಿವಿ ಅದಾವೋ ಇಲ್ಲೋ?"

ಮುಖ ನೋಡಿಯೇ ಹೇಳಿದೆ. ಯಾರೋ ಕಿಸಕ್ಕೆಂದರು. ಹಾಲಸಿದ್ದಪ್ಪ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಅಂಗೈ ಹಲಗೆಯಿಂದ ತೆಗೆದ. ಧೋತರದ ಚುಂಗು ಎತ್ತಿಕೊಂಡು ಹೊರಗೆ ಹೋದ. ಶಾರದವ್ವ ಫರಾಳದ ತಿಂಡಿಯ ತಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಿದ್ದಳು. ತಟ್ಟೆ ನನಗೆ ಕೊಡಲಿಲ್ಲ.

ಕೊಡದಿದ್ದರೆ ಬಿಡಲಿ. ಗೆದ್ದೆ.

೬ ನವೆಂಬರ್

ಎಂಜಿನ್ ಇನ್ನೂ ಚೀಲದಲ್ಲೇ ಇದೆ. ತೆಗೆಯಲು ಮನಸ್ಸಾಗಿಲ್ಲ.

ಗೋದೂಬಾಯಿ ದೀಪಾವಳಿಗೆಂದು ಶಾರದವ್ವನಿಗೆ ಫೋನ್ ಮಾಡಿದ್ದಳು. ಇಟ್ಟು ಬಂದವಳು ನನ್ನೆದುರು ಕೂತಳು. ತೊಡೆಯ ಮೇಲೆ ಕೈ ಇಟ್ಟುಕೊಂಡು. ಹೀಗೆ ಕೂತರೆ ನನಗೆ ಭಯ.

"ಅವರಿಗೆ ಕಿವಿ ಕೇಳಂಗಿಲ್ಲಂತ. ನಾಕೈದು ವರ್ಷಾತಂತ. ಗಿರಣಿ ಗದ್ದಲದಾಗ ನಿಂತು ನಿಂತು ಹೋಗ್ಯಾವಂತ. ತುಟಿ ನೋಡಿ ಮಾತು ತಿಳ್ಕೋತಾರಂತ. ದೊಡ್ಡ ಸಪ್ಪಳಾದ್ರ ಕೈಗೆ ಗೊತ್ತಾಗ್ತದಂತ, ಅಂಗೈ ಊರಿದ್ರ. ಇಷ್ಟs."

ಇಷ್ಟೇ. ಆಮೇಲೆ ಸಿಟ್ಟು ಬಂತು. ಹೇಳಬಾರದಿತ್ತೇ? ನನಗೇನು ಕನಸು ಬೀಳುತ್ತದೆಯೇ? ಎರಡು ವರ್ಷ ಒಂದೇ ಹಲಗೆಗೆ ಮೊಳೆ ಹೊಡೆದವರು ನಾವು!

ಹೇಳಿದ್ದರೆ ಪೇಟೆಯಲ್ಲಿ ಗೊತ್ತಾಗುತ್ತಿತ್ತಂತೆ. ಶಾರದವ್ವನ ಮಾತನ್ನು ಗೋದೂಬಾಯಿ ಹಾಗೆಯೇ ಒಪ್ಪಿಸಿದಳು: "ವ್ಯಾಪಾರಸ್ಥಗ ಕಿವಿ ಹೋಗ್ಯಾವಂತ ಗೊತ್ತಾದ್ರ ಮಂದಿ ಬೆನ್ನ ಹಿಂದ ಮಾತಾಡೂದು ಬಿಡ್ತಾರ್ರಿ. ಎದರಿಗೇ ಮಾತಾಡ್ತಾರ."

ಮಧ್ಯಾಹ್ನ, ಗೋದೂಬಾಯಿ ಮಲಗಿದ ಮೇಲೆ, ಕಿವಿಗೆ ಹತ್ತಿ ತುರುಕಿಕೊಂಡೆ. ಮೇಲೆ ಮಫ್ಲರ್ ಸುತ್ತಿದೆ. ಎಂಜಿನ್ ಟೀಪಾಯಿಯ ಮೇಲಿಟ್ಟು ಚಾಲೂ ಮಾಡಿದೆ. ಏನೂ ಇಲ್ಲ. ಅಂಗೈ ಊರಿದೆ. ಏನೂ ಇಲ್ಲ. ಗುಂಡಿಯಷ್ಟು ಸ್ಪೀಕರ್, ಅದಕ್ಕೆ ಹಲಗೆ ನಡುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಮೂರು ಸಲ ಓಡಿಸಿ ಮುಖ ನೋಡಿದ್ದೆ ಅವನದು. ಚಪ್ಪಲಿ ಮೆಟ್ಟುತ್ತ ಬಗ್ಗಿದವನಿಗೆ ಷರತ್ತು ಹೇಳಿದ್ದೆ. ಅವನ ಕೈಗಿದ್ದ ಒಂದೇ ಒಂದು ಶಬ್ದ ಕತ್ತರಿಸಿ, ಆಮೇಲೆ ಊರೆಲ್ಲರ ಮುಂದೆ ಕಿವಿ ಇವೆಯೋ ಇಲ್ಲವೋ ಎಂದು ಕೇಳಿದೆ.

ನಾಚಿಕೆಯಾಗುತ್ತಿದೆ. ಸಿಟ್ಟೂ ಇದೆ. ಯಾರ ಮೇಲೆ ಹಾಕಬೇಕೋ ತಿಳಿಯದೆ ಗೋದೂಬಾಯಿಯ ಮೇಲೆ ಹಾಕಿದೆ, ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದು.

೧೧ ನವೆಂಬರ್

ಬ್ಯಾಡಗಿಗೆ ಹೊರಟೆ. ಮೋಟೆಬೆನ್ನೂರಿನಲ್ಲಿ ಇಳಿದು ಹಾವೇರಿಯ ಬಸ್ಸು ಹತ್ತಿ ವಾಪಸ್ ಬಂದೆ. ಏನಂತ ಹೇಳಲಿ? ಜೋರಾಗಿ ಹೇಳಬೇಕು, ಇಲ್ಲದಿದ್ದರೆ ಕೇಳಿಸುವುದಿಲ್ಲ. ಜೋರಾಗಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ. ತಪ್ಪಾಯಿತು ಎಂಬ ಮಾತನ್ನು ಕೂಗಿ ಹೇಳಿದ ಅನುಭವ ನನಗಿಲ್ಲ. ಮೆಲ್ಲಗೆ ಹೇಳಿದ್ದೂ ಕಡಿಮೆ.

೧೮ ನವೆಂಬರ್, ಭಾನುವಾರ

ಹೋಗಿ ಬಂದೆ. ಕೈ ಇನ್ನೂ ನೋಯುತ್ತಿದೆ, ಅಕ್ಷರ ವಕ್ರವಾಗುತ್ತಿವೆ.

ಸೋಲ್ಡರಿಂಗ್ ಸಾಮಾನು, ಕಟರ್, ಎಂಜಿನ್, ಎಲ್ಲ ಚೀಲದಲ್ಲಿ. ಶಾರದವ್ವ ಬಾಗಿಲಲ್ಲೇ ನಿಲ್ಲಿಸಿದಳು. "ಅವ್ರು ಹೊಲಕ್ಕ ಹೋಗ್ಯಾರ್ರಿ." ಈ ಸಲ ಕೆಮ್ಮು ಕೇಳಿಸಲಿಲ್ಲ. ಗೋದಾಮಿನ ಕೀಲಿ ಕೊಡಿ ಎಂದೆ. ಯಾಕೆ ಎಂದಳು. ಕೆಡಿಸಿದ್ದು ನಾನು, ಸರಿ ಮಾಡಿ ಹೋಗುತ್ತೇನೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೀಲಿ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಹಲಗೆಯ ಮೇಲೆ ಧೂಳು. ಹೆಬ್ಬೆರಳಿನ ಸ್ಟೇಷನ್ ಮಾಸ್ತರ ಮತ್ತೆ ಅಂಗಾತ ಬಿದ್ದಿದ್ದ. ಎತ್ತಿ ನಿಲ್ಲಿಸಿದೆ. ಎಂಜಿನ್ ಹಳಿಗಿಟ್ಟೆ, ಕೆಳಗೆ ತೂರಿದೆ. ವಾಯರಿನ ತುದಿ ಹುಡುಕಿದೆ. ನಾನು ಸಿಕ್ಕಿಸಿದಲ್ಲಿ ಅದು ಇರಲಿಲ್ಲ. ಯಾರೋ ಕ್ಲಿಪ್ಪಿನಿಂದ ಬಿಡಿಸಿ ನೋಡಿ ಹಾಗೇ ಇಳಿಬಿಟ್ಟಿದ್ದರು. ಆದರೂ ಸಿಪ್ಪೆ ಸುಲಿದೆ, ಹೊಸೆದೆ, ಬೆಸುಗೆ ಹಾಕಿದೆ. ಮಲಗಿಕೊಂಡು ಮಾಡುವ ಕೆಲಸ, ಕಾದ ಹನಿಯೊಂದು ಅಂಗೈ ಮೇಲೆಯೇ ಬಿತ್ತು. ಬೊಬ್ಬೆ ಎದ್ದಿದೆ. ಟೇಪ್ ಸುತ್ತಿ ಉಳಿದ ತುದಿ ಕತ್ತರಿಸಲು ಕಟರ್ ಎತ್ತಿಕೊಂಡೆ.

ಬಾಗಿಲ ಸಪ್ಪಳ. ಧೋತರದ ಅಂಚು, ಮಣ್ಣು ಮೆತ್ತಿದ ಚಪ್ಪಲಿ. ಹಾಲಸಿದ್ದಪ್ಪ. ಮೇಲೆ ಎಂಜಿನ್ ಕಂಡಿರಬೇಕು, ನೆಟ್ಟಗೆ ಹಲಗೆಯ ಹತ್ತಿರ ಬಂದ. "ಹಾಲಸಿದ್ದಪ್ಪನವರ" ಎಂದೆ. ಎಲ್ಲಿ ಕೇಳಬೇಕು? ಆಮೇಲೆ ಹಲಗೆ ಕಿರ್ರೆಂದಿತು. ಅಂಗೈ ಊರಿದ. ಗುಂಡಿ ಒತ್ತಿದ.

ನನ್ನ ಕಿವಿಯ ಪಕ್ಕದಲ್ಲೇ ಸ್ಪೀಕರ್. ಲೋಕ ಬಿದ್ದುಹೋದ ಹಾಗಾಯಿತು. "ಅಯ್ಯಯ್ಯೋ!" ಎಂದು ತಲೆ ಎತ್ತಿ ಹಲಗೆಗೆ ಬಡಿಸಿಕೊಂಡೆ. ಆ ಬಡಿತ ಅವನ ಕೈಗೆ ತಿಳಿಯಿತು. ಬಗ್ಗಿ ನೋಡಿದ. ಕೆಳಗೆ ನಾನು. ಕೈಯಲ್ಲಿ ಕಟರ್.

"ಮತ್ತ ಕತ್ತರಸಾಕ ಬಂದೀರೇನ್ರಿ?"

ಗೊತ್ತಿತ್ತು. ವಾಯರ್ ಕತ್ತರಿಸಿದ್ದು ನಾನೆಂದು ಇಷ್ಟು ದಿನ ಗೊತ್ತಿದ್ದೂ ಅವನು ಒಬ್ಬರಿಗೂ ಹೇಳಿರಲಿಲ್ಲ. "ಇಲ್ರೀ, ಕೂಡಿಸ್ಲಿಕ್ಕೆ ಬಂದೀನಿ! ಕೂಡಿಸೀನಿ!" ಎಂದೆ. ಕೆಳಗೆ ಕತ್ತಲೆ, ತುಟಿ ಅವನಿಗೆ ಕಾಣುತ್ತಿರಲಿಲ್ಲ. ಕೂಗಿದೆ. ಸ್ಪೀಕರಿನ ಅಬ್ಬರದಲ್ಲಿ ನನಗೇ ನನ್ನ ದನಿ ಕೇಳಲಿಲ್ಲ. ಅವನ ಮುಖ ಗಂಟಿಕ್ಕಿತ್ತು. ಕಟರ್ ಕಸಿದುಕೊಳ್ಳಲು ಕೈ ಚಾಚಿದ.

ಕಟರ್ ಎಸೆದು ಆ ಕೈ ಹಿಡಿದೆ. ಜಗ್ಗಿದ. ಬಿಡಲಿಲ್ಲ. ಎಳೆದು ಸ್ಪೀಕರಿನ ಮೇಲೆ ಇಟ್ಟೆ, ಅವನ ಕೈ ಮೇಲೆ ನನ್ನ ಕೈ ಒತ್ತಿ. ಗಡಗಡ ನಡುಗುತ್ತಿತ್ತು ಸ್ಪೀಕರ್. ಅವನ ಬೆರಳು ಮೊದಲು ಬಿಗಿಯಾಗಿದ್ದವು. ಆಮೇಲೆ ಮೆಲ್ಲಗೆ ಹರಡಿಕೊಂಡವು. ಅಲ್ಲಿಂದ ತಡಕುತ್ತ ವಾಯರಿಗೆ ಹೋದವು, ಟೇಪ್ ಸುತ್ತಿದ ಗಂಟನ್ನು ಮುಟ್ಟಿ ನೋಡಿದವು. ಇನ್ನೂ ಬೆಚ್ಚಗಿತ್ತು ಗಂಟು.

ಬಗ್ಗಿ ಬಗ್ಗಿ ಅವನೂ ಕೆಳಗೆ ಕೂತೇಬಿಟ್ಟ. ಹೆಗಲ ಟವೆಲ್ ಜಾರಿ ನಮ್ಮ ಕೈಗಳ ಮೇಲೆ ಬಿತ್ತು. ಯಾರೂ ತೆಗೆಯಲಿಲ್ಲ.

ಆಮೇಲೆ ಶುರುವಾಯಿತು ಅವನ ಬೈಗುಳ. ನನ್ನನ್ನು, ನನ್ನ ಕೋರ್ಟನ್ನು, ನನ್ನ ಗುಂಡಿ ಸ್ಪೀಕರನ್ನು, ಒಂದನ್ನೂ ಬಿಡಲಿಲ್ಲ. ಓಣಿಯ ನಾಯಿಗಳು ಬೊಗಳಿದವು. ನಾನೂ ಬೈದೆ. ಮುಖ ಬೆಳಕಿಗೆ ತಿರುಗಿಸಿ, ತುಟಿ ಕಾಣುವ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಬೈದೆ. ಕಿವಿ ಹೋದದ್ದು ಹೇಳದ ಕಳ್ಳ ಎಂದೆ. ಅದನ್ನು ತಿಳಿಯದ ಕತ್ತೆ ಎಂದ. ಶಾರದವ್ವ ಓಡಿ ಬಂದು ಬಾಗಿಲಲ್ಲಿ ನಿಂತು ಬಗ್ಗಿ ನೋಡಿ, ಇಬ್ಬರೂ ಬಡಿದಾಡುತ್ತಿದ್ದೇವೆ ಎಂದುಕೊಂಡಳು. "ಬಿಡ್ರೀ! ಕೈ ಬಿಡ್ರೀ ಇಬ್ರೂ!" ಎಂದು ಚೀರಿದಳು.

ಬೈಯುವುದು ನಿಲ್ಲಿಸಲಿಲ್ಲ. ಕೈ ಮಾತ್ರ ಇಬ್ಬರೂ ಬಿಡಲಿಲ್ಲ.